ಪುಟದಡಿಯ ತಾರೀಖು

ವೆಬ್‌ಸೈಟ್ ಯಾವುದೇ ಇರಲಿ, ನಾನು ಮೊದಲು ನೋಡುವುದು ಅದರ ತಳವನ್ನು. ಮೇಲಿನ ಚಿತ್ರ, ಓಡುವ ಅಕ್ಷರಗಳು, ಮಂತ್ರಿಗಳ ನಗುಮುಖ ಎಲ್ಲವನ್ನೂ ಬೆರಳಿನಿಂದ ಮೇಲಕ್ಕೆ ತಳ್ಳಿ ಸೀದಾ ಕೆಳಗಿಳಿಯುತ್ತೇನೆ. ಅಲ್ಲಿ ಹಕ್ಕುಸ್ವಾಮ್ಯದ ಸಾಲಿನ ಪಕ್ಕದಲ್ಲಿ, ಕಂಡೂ ಕಾಣದ ಬೂದು ಬಣ್ಣದಲ್ಲಿ, ‘ಕೊನೆಯದಾಗಿ ನವೀಕರಿಸಿದ್ದು’ ಎಂದು ಒಂದು ತಾರೀಖು ಇರುತ್ತದೆ. ಅದನ್ನು ಓದಿದ ಮೇಲೆಯೇ ಪುಟಕ್ಕೆ ಎಷ್ಟು ಮರ್ಯಾದೆ ಕೊಡಬೇಕೆಂಬ ತೀರ್ಮಾನ. ‘ಅರ್ಜಿ ನಮೂನೆ ಎಲ್ಲಿದೆ ನೋಡಿ ಅಂದ್ರೆ ತಾರೀಖು ನೋಡ್ತಾ ಕೂತಿರ್ತೀರಲ್ಲ’ ಎಂದು ಹೆಂಡತಿ ಗೊಣಗುತ್ತಾಳೆ. ಏನು ಮಾಡುವುದು, ಹೊಟ್ಟೆಪಾಡು ಕಲಿಸಿದ ಚಟ. ಸರ್ವರಿನ ಕಡೆ ಕೂತು ಅಂಥ ಸಾಲುಗಳನ್ನು ಮೂಡಿಸುವುದೇ ನನ್ನ ಕಸುಬು.

ಈಚೆಗೆ ಒಂದು ಊರಿನ ಪುಟದ ತಳದಲ್ಲಿ ‘1 ಜನವರಿ 1970, ಬೆಳಿಗ್ಗೆ 5:30’ ಎಂದಿತ್ತು. ಆ ದಿನ ಗುರುವಾರ. ಆಗಿನ್ನೂ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಬಂದಿರಲಿಲ್ಲ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ವೆಬ್ ಹುಟ್ಟುವುದಕ್ಕೆ ಇನ್ನೂ ಸುಮಾರು ಎರಡು ದಶಕ ಬಾಕಿಯಿತ್ತು. ಅಂಥ ಕಾಲದಲ್ಲಿ, ಧನುರ್ಮಾಸದ ಚಳಿಯಲ್ಲಿ, ಹಾಲಿನವನೂ ಬಾರದ ಹೊತ್ತಿಗೆ ಯಾರೋ ಪುಣ್ಯಾತ್ಮರು ಕಂಬಳಿ ಸರಿಸಿ ಎದ್ದು ಗ್ರಾಮಸಭೆಯ ನಡಾವಳಿಯನ್ನು ಅಪ್‌ಲೋಡ್ ಮಾಡಿದ್ದಾರೆ!

ಒಳಗಿನ ಗುಟ್ಟು ಇಷ್ಟು. ಯುನಿಕ್ಸ್ ಕುಲದ ಕಂಪ್ಯೂಟರುಗಳಿಗೆ ಕಾಲ ಶುರುವಾಗುವುದು ಆ ದಿನ, ಗ್ರೀನಿಚ್ ಲೆಕ್ಕದ ನಡುರಾತ್ರಿಗೆ. ಅಲ್ಲಿಂದೀಚೆಗೆ ಕಳೆದ ಸೆಕೆಂಡುಗಳನ್ನು ಎಣಿಸಿಟ್ಟುಕೊಳ್ಳುವುದೇ ಅವುಗಳ ಪಂಚಾಂಗ. ಅಲ್ಲಿ ನಡುರಾತ್ರಿಯಾದಾಗ ನಮಗೆ ಐದೂವರೆ. ವೆಬ್‌ಪುಟ ಕಟ್ಟುವ ಪಿಎಚ್‌ಪಿ ಎಂಬ ಭಾಷೆಯಲ್ಲಿ ಫೈಲ್‌ಎಂಟೈಮ್ ಎಂಬ ಫಂಕ್ಷನ್ ಇದೆ; ಫೈಲಿನ ಹೆಸರು ಕೊಟ್ಟರೆ ಅದರೊಳಗಿನದು ಕೊನೆಯ ಸಲ ಬದಲಾದದ್ದು ಎಷ್ಟನೆಯ ಸೆಕೆಂಡಿನಲ್ಲಿ ಎಂದು ಹೇಳುತ್ತದೆ. ಆ ಹೆಸರಿನ ಫೈಲೇ ಇಲ್ಲದಿದ್ದರೆ ‘ಫಾಲ್ಸ್’ ಎಂದು ಕೈಯಾಡಿಸಿ, ಜೊತೆಗೊಂದು ಎಚ್ಚರಿಕೆಯನ್ನೂ ಗೊಣಗುತ್ತದೆ. ಗೊಣಗುವ ಎಚ್ಚರಿಕೆಗಳನ್ನೆಲ್ಲ ಮೊದಲೇ ಬಾಯಿ ಮುಚ್ಚಿಸಿಟ್ಟಿರುವುದು ನಮ್ಮ ಕಸುಬಿನವರ ವಾಡಿಕೆ. ಇನ್ನು ತಾರೀಖು ಬರೆದುಕೊಡುವ ಡೇಟ್ ಫಂಕ್ಷನ್ ಆ ‘ಇಲ್ಲ’ವನ್ನು ಸೊನ್ನೆಯೆಂದು ತಿಳಿದು, ಸೊನ್ನೆಯ ಸೆಕೆಂಡು ಯಾವುದೆಂದು ಶ್ರದ್ಧೆಯಿಂದ ಲೆಕ್ಕ ಹಾಕಿ ಬರೆದುಬಿಡುತ್ತದೆ. ಹೀಗಾಗಿ 1970ರ ಐದೂವರೆ ಕಂಡರೆ ನಮ್ಮಂಥವರು ‘ಆ ಫೈಲ್ ಅಲ್ಲಿಲ್ಲ ಮಾರಾಯ್ರೇ’ ಎಂದು ಓದಿಕೊಳ್ಳುತ್ತೇವೆ.

ಬೆಂಗಳೂರಿನ ಒಂದು ಬಡಾವಣೆಯ ಕನ್ನಡ ಸಂಘದ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಸಂಭಾವನೆ ರಾಜ್ಯೋತ್ಸವದ ದಿನ ಒಂದು ಶಾಲು, ಹಣ್ಣಿನ ಬುಟ್ಟಿ, ಮತ್ತು ವರ್ಷವಿಡೀ ಕಾರ್ಯದರ್ಶಿಗಳ ಫೋನು. ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರು. ತಾರೀಖಿಲ್ಲದ ವೋಚರನ್ನು ಜೀವಮಾನದಲ್ಲಿ ಮುಟ್ಟಿದವರಲ್ಲ. ಪುಟದ ತಳಕ್ಕೊಂದು ತಾರೀಖು ಬೇಕೆಂದು ಕೇಳಿದವರೂ ಅವರೇ. ನಾನು ಪರೀಕ್ಷೆಗೆಂದು ಬರಿಯ ಫೈಲ್‌ಎಂಟೈಮ್ ಕೊಟ್ಟ ಸಂಖ್ಯೆಯನ್ನೇ ಮೂಡಿಸಿ, ಉಳಿದದ್ದು ಊಟವಾದ ಮೇಲೆ ನೋಡೋಣವೆಂದು ಎದ್ದಿದ್ದೆ. ಅನ್ನ ಕಲಸುವಷ್ಟರಲ್ಲಿ ಫೋನು.

‘ಏನ್ರೀ, ಕೆಳಗಡೆ ಯಾರದೋ ಮೊಬೈಲ್ ನಂಬರ್ ಹಾಕಿದ್ದೀರಿ?’

‘ಸಾರ್, ಅದು ನಂಬರಲ್ಲ, ತಾರೀಖು.’

‘ಹತ್ತು ಅಂಕಿ ಇದೆಯಲ್ರೀ. ನಾನು ಮಾಡಿ ನೋಡಿದೆ, ಹೋಗ್ಲಿಲ್ಲ.’

ಅವರದೇನೂ ತಪ್ಪಿಲ್ಲ. ಯುನಿಕ್ಸಿನ ಸೆಕೆಂಡು ಒಂದು ಶತಕೋಟಿ ದಾಟಿ ಹತ್ತಂಕಿಯಾದದ್ದು 2001ರ ಸೆಪ್ಟೆಂಬರ್ 9ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡಿಗೆ. ಅಂದಿನಿಂದ ಜಗತ್ತಿನ ಯಾವ ಹೊಸ ಫೈಲಿನ ತಾರೀಖೂ ಮೊಬೈಲ್ ನಂಬರಿನಷ್ಟೇ ಉದ್ದ. ಹಳೆಯ 32 ಬಿಟ್ಟಿನ ಯಂತ್ರಗಳಲ್ಲಿ ಈ ಎಣಿಕೆಗೆ ಜಾಗ ಮುಗಿಯುವುದು 2038ರ ಜನವರಿ 19ರಂದು, ಬೆಳಿಗ್ಗೆ 8:44ರ ಸುಮಾರಿಗೆ. ಅದಾದ ಮರುಕ್ಷಣ ಅವು ತಾವು 1901ರಲ್ಲಿದ್ದೇವೆಂದು ತಿಳಿಯುತ್ತವೆ. ಈಗಿನ ಯಂತ್ರಗಳು 64 ಬಿಟ್ಟಿನವು, ಅವಕ್ಕೆ ಆ ಚಿಂತೆಯಿಲ್ಲ. ಕಾರ್ಯದರ್ಶಿಗಳಿಗೆ ಇದನ್ನು ನಾನು ಹೇಳಿಲ್ಲ. ಹೇಳಿದರೆ 2038ರ ಸಂಕ್ರಾಂತಿಯ ಕಾರ್ಯಕ್ರಮ ಏನಾಗುತ್ತದೆ ಎಂದು ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಮಂಡಿಸಿಯಾರು.

ಯಾವುದೋ ಒಂದು ದಿನವನ್ನು ಸೊನ್ನೆಯೆಂದಿಟ್ಟು ಅಲ್ಲಿಂದ ಎಣಿಸುವುದೇನೂ ಅಮೆರಿಕದವರ ಹೊಸ ಕಂಡುಹಿಡಿತವಲ್ಲ. ಒಂದು ಬೇಸಿಗೆ ರಜೆಯಲ್ಲಿ ಐಹೊಳೆಗೆ ಹೋಗಿದ್ದೆವು. ಕಾದ ಮೆಟ್ಟಿಲುಗಳ ಮೇಲೆ ಚಪ್ಪಲಿ ಬಿಡಲೋ ಬೇಡವೋ ಎಂದು ಕುಣಿಯುತ್ತ ಮೇಗುಟಿ ಬಸದಿಯವರೆಗೆ ಹತ್ತಿದರೆ ಅಲ್ಲಿ ಗೋಡೆಯ ಮೇಲೆ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದನ್ನೆಲ್ಲ ಹೊಗಳಿ ಮುಗಿಸುವ ಹೊತ್ತಿಗೆ ಕವಿ ತಾರೀಖು ಹಾಕುತ್ತಾನೆ. ಅದೂ ಒಂದಲ್ಲ, ಎರಡು: ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ನಮಗೆ ಕ್ರಿ.ಶ. 634. ಒಂದು ಎಣಿಕೆ ಮರೆತುಹೋದರೂ ಇನ್ನೊಂದಿರಲಿ ಎಂಬ ಆ ಮುಂಜಾಗ್ರತೆ ಕಂಡು ನನಗೆ ಸಹೋದ್ಯೋಗಿಯೊಬ್ಬ ಸಿಕ್ಕಷ್ಟು ಖುಷಿಯಾಯಿತು. ಮಗಳು ಮಾತ್ರ ‘ಅಪ್ಪಾ, ಇಲ್ಲೂ ತಳದಲ್ಲಿ ತಾರೀಖು ಹುಡುಕ್ತಿದ್ದೀಯಾ’ ಎಂದು ನೀರಿನ ಬಾಟಲಿ ಕಿತ್ತುಕೊಂಡು ನೆರಳಿಗೆ ಹೋದಳು. ಹಲ್ಮಿಡಿಯ ಕಲ್ಲಿನ ಮೇಲೆ ತಾರೀಖೇ ಇಲ್ಲ. ಅಕ್ಷರದ ಬಗೆ, ಭಾಷೆಯ ರೂಪ ನೋಡಿ ವಿದ್ವಾಂಸರು 450ರ ಸುಮಾರು ಎನ್ನುತ್ತಾರೆ. ಕನ್ನಡಕ್ಕೆ ಅಷ್ಟು ದೊಡ್ಡ ಫೈಲು ಅದು. ತಳದ ಸಾಲೊಂದು ಬರೆಯಲು ಆ ಪುಣ್ಯಾತ್ಮನಿಗೆ ಏನು ಧಾಡಿಯಾಗಿತ್ತೋ.

ನಮ್ಮಪ್ಪ ಆಗಿದ್ದರೆ ಬಿಡುತ್ತಿರಲಿಲ್ಲ. ಅವರಿಗೆ ತಾರೀಖು ಹಾಕುವುದೆಂದರೆ ಜಪ. ಸಿಲಿಂಡರ್ ಬದಲಿಸಿದ್ದು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ, ನೀರಿನ ಫಿಲ್ಟರಿನ ಕ್ಯಾಂಡಲ್ ತೊಳೆದದ್ದು ಅದರ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ, ಟ್ಯೂಬ್‌ಲೈಟಿನದು ಪಟ್ಟಿಯ ತುದಿಯಲ್ಲಿ. ಗೋಡೆ ಗಡಿಯಾರವನ್ನು ತಿರುಗಿಸಿದರೆ ಸೆಲ್ಲಿನ ಗೂಡಿನ ಸುತ್ತ ಬಾಲ್‌ಪೆನ್ನಿನ ಸಾಲುಗಳು: ‘14-6. ಸೆಲ್ ಹಾಕಿದೆ. ಹಳೆಯದು ಸೋರಿತ್ತು.’ ಅದರ ಕೆಳಗೆ ‘2-9. ಹಿಂದಕ್ಕೆ ನಡೆಯುತ್ತಿತ್ತು, ಸೆಲ್ ತೆಗೆದು ಹಾಕಿದ ಮೇಲೆ ಸರಿ.’ ಹಳೆಯದನ್ನು ಅಳಿಸುತ್ತಿರಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲೇ ಹೊಸದು. ಜಾಗ ಸಾಲದಿದ್ದರೆ ಅಂಚಿನಲ್ಲಿ ತಲೆಕೆಳಗಾಗಿ. ‘ನನ್ನ ಹಣೆ ಮೇಲೊಂದು ಬರೆದಿಲ್ಲ ನೋಡಿ, ಯಾವತ್ತು ತಂದದ್ದು ಅಂತ’ ಎಂದು ಅಮ್ಮ ನೆಂಟರೆದುರು ಹೇಳುತ್ತಿದ್ದರು. ಅಪ್ಪ ಪೇಪರಿನಿಂದ ತಲೆಯೆತ್ತದೆ ತಮ್ಮ ಮದುವೆಯ ತಾರೀಖು, ತಿಥಿ, ನಕ್ಷತ್ರ ಮೂರನ್ನೂ ಒಪ್ಪಿಸುತ್ತಿದ್ದರು.

ಫೈಲಿಗೆ ಆ ಭಾಗ್ಯವಿಲ್ಲ. ಕೊನೆಯದೊಂದೇ ತಾರೀಖು, ಹಿಂದಿನದರ ಮೇಲೆಯೇ ಬರೆದದ್ದು. ಹತ್ತು ವರ್ಷ ಯಾರೂ ಮುಟ್ಟದ ಪುಟವನ್ನು ತೆರೆದು, ಒಂದು ಅಲ್ಪವಿರಾಮ ಹಾಕಿ ಉಳಿಸಿದಿರೋ, ಹತ್ತು ವರ್ಷ ಹೋಯಿತು. ಅಲ್ಪವಿರಾಮವನ್ನು ಮತ್ತೆ ತೆಗೆದು ಉಳಿಸಿದರೂ ಅವು ವಾಪಸು ಬರುವುದಿಲ್ಲ. ಸಾಲುಸಾಲಿನ ಚರಿತ್ರೆ ಬೇಕಾದವರು ಗಿಟ್ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಯಾರು, ಯಾವಾಗ, ಏಕೆ ತಿದ್ದಿದರೆಂಬುದೆಲ್ಲ ಗೊತ್ತು. ಆದರೆ ಸೋಜಿಗ ನೋಡಿ, ಫೈಲಿನ ಮೈಮೇಲಿನ ತಾರೀಖನ್ನು ಮಾತ್ರ ಅದು ಇಟ್ಟುಕೊಳ್ಳುವುದಿಲ್ಲ. ಹೊಸ ಯಂತ್ರಕ್ಕೆ ಇಳಿಸಿದರೆ ಎಲ್ಲ ಫೈಲುಗಳಿಗೂ ಇಳಿಸಿದ ಗಳಿಗೆಯೇ ಜನ್ಮದಿನ. ಇದು ಸೋಮಾರಿತನವಲ್ಲ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ಮೇಕ್ ಎಂಬ ಸಾಧನ ಇವತ್ತಿಗೂ ಫೈಲುಗಳ ತಾರೀಖನ್ನು ಹೋಲಿಸಿ, ಯಾವುದು ಹೊಸದೋ ಅದಕ್ಕೆ ಸಂಬಂಧಪಟ್ಟದ್ದನ್ನಷ್ಟೇ ಮತ್ತೆ ಕಟ್ಟುತ್ತದೆ. ಹಳೆಯ ಆವೃತ್ತಿಯನ್ನು ಹಳೆಯ ತಾರೀಖಿನ ಸಮೇತ ತಂದಿಟ್ಟರೆ ಅದು ಏಮಾರುತ್ತದೆ.

ಸಂಘದ ಸರ್ವರ್ ಬದಲಿಸಿದ ದಿನ ಹೀಗೇ ಆಯಿತು. ಎಂದೋ ಬರೆದ ‘ನಮ್ಮ ಬಗ್ಗೆ’ ಪುಟದಿಂದ ಹಿಡಿದು ಹೋದ ವರ್ಷದ ರಂಗೋಲಿ ಸ್ಪರ್ಧೆಯ ನಿಯಮಗಳವರೆಗೆ ಎಲ್ಲದರ ತಳದಲ್ಲೂ ಅವತ್ತಿನದೇ ತಾರೀಖು. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಕಾರ್ಯದರ್ಶಿಗಳ ಫೋನು ಬಂತು. ದನಿಯಲ್ಲಿ ಹಿಂದೆಂದೂ ಕೇಳದ ಸಂತೋಷ.

‘ಭಾಳ ಚೆನ್ನಾಗಿ ಮಾಡಿದ್ದೀರಿ. ಹಳೇ ತಾರೀಖು ಕಂಡ್ರೆ ಸಂಘ ಮಲಗಿಬಿಟ್ಟಿದೆ ಅನ್ನಿಸ್ತಿತ್ತು. ಇನ್ಮೇಲೆ ದಿನಾ ಇವತ್ತಿನ ತಾರೀಖೇ ಬರೋ ಹಾಗೆ ಇಟ್ಟುಬಿಡಿ.’

‘ಏನೂ ಬದಲಾಗದೇ ಇದ್ರೂನಾ ಸಾರ್?’

‘ನಾವು ದಿನಾ ನೋಡ್ತಾ ಇರ್ತೀವಲ್ರೀ, ಅದೂ ಒಂದು ಕೆಲಸವೇ.’

ಅವರು ಕೇಳಿದ್ದು ಬಲು ಸುಲಭದ ಕೆಲಸ. ಡೇಟ್ ಫಂಕ್ಷನ್ನಿಗೆ ಫೈಲ್‌ಎಂಟೈಮ್ ಕೊಟ್ಟ ಸೆಕೆಂಡನ್ನು ಉಣಿಸಿದರೆ ಆ ದಿನದ ತಾರೀಖು ಬರುತ್ತದೆ. ಏನೂ ಉಣಿಸದೆ ಬಿಟ್ಟರೆ ಈ ಹೊತ್ತಿನದು ಬರುತ್ತದೆ. ಅರ್ಧ ಸಾಲು ಅಳಿಸಿದರೆ ಮುಗಿಯಿತು. ಈ ಭಾಷೆಯಲ್ಲಿ ಸುಳ್ಳು ನಿಜಕ್ಕಿಂತ ಚಿಕ್ಕದು. ದೇಶದ ಎಷ್ಟೋ ಪುಟಗಳು ಪ್ರತಿದಿನ ಸೂರ್ಯನೊಂದಿಗೆ ನವೀಕರಣಗೊಳ್ಳುವುದು ಹೀಗೆಯೇ ಇರಬೇಕೆಂದು ನನ್ನ ಗುಮಾನಿ. ನಾನು ‘ನೋಡೋಣ ಸಾರ್’ ಎಂದೆ. ನಮ್ಮ ಕಸುಬಿನಲ್ಲಿ ಹಾಗೆಂದರೆ ಆಗುವುದಿಲ್ಲವೆಂದು. ಬ್ಯಾಂಕಿನಲ್ಲಿ ಹಾಗೆಂದರೆ ಸೋಮವಾರ ಆಗುತ್ತದೆಂದು.

ಸುಳ್ಳು ಹೇಳಲು ಇನ್ನೂ ಶಿಸ್ತಿನ ದಾರಿಯೊಂದಿದೆ. ಟಚ್ ಎಂಬ ಆಜ್ಞೆ ಫೈಲಿನೊಳಗೆ ಒಂದಕ್ಷರವನ್ನೂ ಕದಲಿಸದೆ ತಾರೀಖನ್ನಷ್ಟೇ ಬದಲಿಸುತ್ತದೆ, ಇವತ್ತಿಗೆ ಬೇಕಾದರೆ ಇವತ್ತಿಗೆ, ಮೂವತ್ತು ವರ್ಷ ಹಿಂದಕ್ಕೆ ಬೇಕಾದರೆ ಹಿಂದಕ್ಕೆ. ಇದಕ್ಕೂ ನಮ್ಮಲ್ಲಿ ಪರಂಪರೆಯುಂಟು. ಗಂಗ ದೊರೆಗಳ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ಪಕ್ಕಕ್ಕಿಟ್ಟರು. ಊರೊಂದು ತಮ್ಮದೆಂದು ಸಾಧಿಸಲು ಯಾರೋ ಹಳೆಯ ರಾಜನ ಹೆಸರು, ಹಳೆಯ ಶಕವರ್ಷ ಹಾಕಿ ಹೊಸದಾಗಿ ಕೊರೆಸಿದ್ದೆಂಬುದು ಇಂಥ ಶಾಸನಗಳ ಮೇಲಿನ ಆರೋಪ. ಬಿ. ಎಲ್. ರೈಸ್ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಗಂಗರ ಪಟಗಳ ಪರವಾಗಿ ವಾದಿಸಿದರು. ಆ ಜಗಳದಲ್ಲಿ ಪದೇಪದೇ ಸಾಕ್ಷಿಗೆ ಬಂದದ್ದು ಅಕ್ಷರ. ತಾರೀಖಿನ ಅಂಕಿಯನ್ನು ಬೇಕಾದಂತೆ ಬರೆಯಬಹುದು; ಆದರೆ ಕೊರೆಯುವವನ ಕೈ ತನ್ನ ಕಾಲದ ಅಕ್ಷರವನ್ನೇ ಕೊರೆಯುತ್ತದೆ.

ಫೈಲಿಗೂ ಅಂಥ ಇನ್ನೊಂದು ಸಾಕ್ಷಿ ಇದೆ. ಲಿನಕ್ಸಿನಲ್ಲಿ ಸ್ಟ್ಯಾಟ್ ಎಂದು ಕೇಳಿದರೆ ಒಂದರ ಕೆಳಗೊಂದು ತಾರೀಖುಗಳನ್ನು ಸುರಿಯುತ್ತದೆ: ಆಕ್ಸೆಸ್, ಮಾಡಿಫೈ, ಚೇಂಜ್. ಮಾಡಿಫೈ ಎಂಬುದೇ ಫೈಲ್‌ಎಂಟೈಮ್ ಹೇಳುವ ತಾರೀಖು. ಟಚ್ ಮಾಡಿದರೆ ಹೇಳಿದಂತೆ ಕೇಳುತ್ತದೆ. ಚೇಂಜ್ ಹಾಗಲ್ಲ. ಫೈಲಿನ ವಿಷಯವಾಗಲಿ, ಯಜಮಾನನಾಗಲಿ, ಪರವಾನಗಿಯಾಗಲಿ, ಸ್ವತಃ ಆ ಮಾಡಿಫೈ ತಾರೀಖೇ ಆಗಲಿ ಬದಲಾದರೆ ಯಂತ್ರದ ಗಡಿಯಾರ ನೋಡಿ ತಾನೇ ಬರೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ತಾರೀಖು ಹಾಕುವ ಆಜ್ಞೆಯಿಲ್ಲ, ಗಡಿಯಾರವನ್ನೇ ತಿರುಗಿಸಬೇಕು. ಆದ್ದರಿಂದ ಮಾಡಿಫೈ 1995 ಎಂದು, ಚೇಂಜ್ ಮೊನ್ನೆ ಮಂಗಳವಾರ ಎಂದು ಹೇಳಿದರೆ ಆ ಫೈಲು ಮಂಗಳವಾರ ಯಾರದೋ ಕೈಗೆ ಸಿಕ್ಕಿತ್ತು. ಬೇರೆಡೆಯಿಂದ ತಾರೀಖು ಸಮೇತ ತಂದಿಟ್ಟರೂ ಹೀಗೇ ಕಾಣುತ್ತದೆ, ಹಾಗಾಗಿ ಕೂಡಲೇ ಕಳ್ಳನೆನ್ನುವಂತಿಲ್ಲ. ಪಿಎಚ್‌ಪಿಯ ಫೈಲ್‌ಸಿಟೈಮ್ ಕೊಡುವುದು ಇದನ್ನೇ. ಹೆಸರು ನೋಡಿ ಅದನ್ನು ಫೈಲ್ ಹುಟ್ಟಿದ ದಿನವೆಂದು ನಂಬಿರುವವರು ನಮ್ಮಲ್ಲಿ ಬಹಳ. ವಿಂಡೋಸಿನಲ್ಲಿ ಅದು ನಿಜವೂ ಹೌದಾದ್ದರಿಂದ ಜಗಳ ಬಗೆಹರಿಯುವುದೇ ಇಲ್ಲ.

ಆಕ್ಸೆಸ್ ಎಂದರೆ ಕೊನೆಯದಾಗಿ ಓದಿದ್ದು. ಇದನ್ನೊಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಕಾರ್ಯದರ್ಶಿಗಳು ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಅಧ್ಯಕ್ಷರ ನುಡಿಯನ್ನು ಯಾರಾದರೂ ಓದುತ್ತಾರೋ ಇಲ್ಲವೋ ಎಂಬ ಸಂಶಯ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು. ಪಾಪ, ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ. ಓದಿದಾಗಲೆಲ್ಲ ಓದಿದೆನೆಂದು ಡಿಸ್ಕಿಗೆ ಬರೆಯುವುದು ದಂಡವೆಂದು ಲಿನಕ್ಸ್ 2009ರಿಂದ ಕೈ ಬಿಗಿಹಿಡಿದಿದೆ. ತಿದ್ದಿದ ಮೇಲೆ ಮೊದಲ ಸಲ ಓದಿದಾಗ, ಇಲ್ಲವೇ ಹಿಂದಿನ ಗುರುತಿಗೆ ಒಂದು ದಿನ ಕಳೆದಾಗ ಮಾತ್ರ ಹೊಸ ಗುರುತು. ಸರ್ವರೇ ಬ್ಯಾಕಪ್ಪಿಗೆಂದು ಓದಿದರೂ ಓದಿದಂತೆಯೇ. ಅಧ್ಯಕ್ಷರಿಗೆ ಓದುಗನೊಬ್ಬನಿದ್ದಾನೆ, ರಾತ್ರಿ ಎರಡಕ್ಕೆ ತಪ್ಪದೆ ಬರುತ್ತಾನೆ.

ಕಾರ್ಯದರ್ಶಿಗಳು ಸುಮ್ಮನಾಗುವವರಲ್ಲ. ‘ಹಾಗಾದ್ರೆ ಫೋಲ್ಡರಿನ ತಾರೀಖು ಹಾಕಿ, ಒಳಗೆ ಯಾವುದಾದ್ರೂ ಒಂದು ಬದಲಾಗ್ತಾನೇ ಇರುತ್ತಲ್ಲ’ ಎಂದರು. ಬುದ್ಧಿವಂತಿಕೆಯ ಮಾತೇ. ಆದರೆ ಫೋಲ್ಡರ್ ಎಂಬುದು ರೇಷನ್ ಕಾರ್ಡಿನ ಜಾತಿಯದು. ಹೆಸರು ಸೇರಿಸಿದರೆ, ಹೊಡೆದುಹಾಕಿದರೆ, ತಿದ್ದಿದರೆ ಅದಕ್ಕೆ ಗೊತ್ತಾಗುತ್ತದೆ. ಹೆಸರಿನವರು ದಪ್ಪಗಾದರೋ ಸಣ್ಣಗಾದರೋ ಅದಕ್ಕೆ ಬೇಕಿಲ್ಲ. ಇರುವ ಫೈಲಿನಲ್ಲಿ ಇಡೀ ಲೇಖನವನ್ನೇ ತಿದ್ದಿ ಬರೆದರೂ ಫೋಲ್ಡರಿನ ತಾರೀಖು ಕದಲದೆ ಇರಬಹುದು.

ಇಷ್ಟಕ್ಕೂ ಈ ತಾರೀಖು ಮನುಷ್ಯರಿಗಿಂತ ಯಂತ್ರಗಳಿಗೇ ಹೆಚ್ಚು ಬೇಕಾದದ್ದು. ಬ್ರೌಸರು ಸರ್ವರಿಗೆ ಕೇಳುತ್ತದೆ: ಗುರುವಾರ ನೀನು ಕೊಟ್ಟದ್ದು ನನ್ನ ಬಳಿ ಇದೆ, ಆಮೇಲೇನಾದರೂ ತಿದ್ದಿದ್ದೀಯಾ? ಇಲ್ಲವಾದರೆ ಸರ್ವರು ‘304’ ಎಂದು ಮೂರಂಕಿ ಹೇಳಿ ಸುಮ್ಮನಾಗುತ್ತದೆ; ಪುಟವನ್ನು ಮತ್ತೆ ಹೊತ್ತು ತರುವ ಗೋಜಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕಾಸು ಕೊಟ್ಟು, ಚಿತ್ರವೊಂದು ಹಣೆಯಿಂದ ಗಲ್ಲದವರೆಗೆ ಇಳಿದುಬರುವುದನ್ನು ಕಾದವರಿಗೆ ಆ ‘304’ರ ಬೆಲೆ ಗೊತ್ತು. ಆ ಮಾತುಕತೆಯ ತಾರೀಖು ಯಾವಾಗಲೂ ಗ್ರೀನಿಚ್ ಲೆಕ್ಕದ್ದೇ ಆಗಿರಬೇಕು; ಇಲ್ಲಿನ ಸಮಯವನ್ನೇ ಬರೆದು ಜಿಎಂಟಿ ಎಂದು ಹಣೆಪಟ್ಟಿ ಹಚ್ಚಿದರೆ ಪುಟ ಐದೂವರೆ ತಾಸು ಮುಂದಿನ ಭವಿಷ್ಯದಲ್ಲಿ ತಿದ್ದಿದ್ದಾಗುತ್ತದೆ. ಪಿಎಚ್‌ಪಿಗೂ ಇಂಥದೊಂದು ಮೈಗಳ್ಳತನವಿದೆ. ಫೈಲಿನ ತಾರೀಖು ಒಮ್ಮೆ ಕೇಳಿ, ಅದೇ ಉಸಿರಿನಲ್ಲಿ ಮತ್ತೆ ಕೇಳಿದರೆ ಎದ್ದು ಹೋಗಿ ನೋಡುವುದಿಲ್ಲ, ಕೂತಲ್ಲಿಂದಲೇ ಹಳೆಯ ಉತ್ತರ ಹೇಳುತ್ತದೆ. ಕ್ಲಿಯರ್‌ಸ್ಟ್ಯಾಟ್‌ಕ್ಯಾಶ್ ಎಂದು ಗದರಿದರೆ ಮಾತ್ರ ಏಳುತ್ತದೆ.

ರಾಜ್ಯೋತ್ಸವಕ್ಕೆ ಸಂಘದ ಪುಟಕ್ಕೆ ಅರಿಸಿನ ಕುಂಕುಮ ಬಣ್ಣ ಬಳಿದಾಗ ಎಲ್ಲರಿಗೂ ಕಂಡಿತು, ಕಾರ್ಯದರ್ಶಿಗಳ ಮೊಬೈಲಿಗೆ ಮಾತ್ರ ಹಳೆಯ ನೀಲಿಯೇ. ಬಣ್ಣದ ಫೈಲಿನ ವಿಳಾಸದ ಬಾಲಕ್ಕೆ ಒಂದು ಪ್ರಶ್ನೆಚಿಹ್ನೆ ಹಾಕಿ ಫೈಲ್‌ಎಂಟೈಮ್ ಸಂಖ್ಯೆಯನ್ನು ಅಂಟಿಸಿದೆ. ಸಂಖ್ಯೆ ಬದಲಾದರೆ ಬ್ರೌಸರು ಅದನ್ನು ಬೇರೆ ಫೈಲೆಂದು ತಿಳಿದು ಹೊಸದಾಗಿ ತರುತ್ತದೆ. ಕೆಂಪು ಹಳದಿ ಮೂಡಿತು. ‘ನೋಡಿ, ನಾನು ಹೇಳ್ದೆ ಅಂತ ಸರಿಯಾಯ್ತು’ ಎಂದರು.

ಪುಟದಡಿಯ ತಾರೀಖಿನ ಕಲಹ ಕೊನೆಗೆ ಬಗೆಹರಿದದ್ದು ಪ್ರೋಗ್ರಾಮಿನಿಂದಲ್ಲ. ಸಂಘದ ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತು ಕೂರುವ ಮೇಡಂ ಒಬ್ಬರಿದ್ದಾರೆ. ರಸೀದಿ ಪುಸ್ತಕ, ಬೀಗದ ಕೈ, ಗ್ರಂಥಾಲಯದ ಬೀರು ಎಲ್ಲ ಅವರ ಸುಪರ್ದಿ. ಪುಟ ತಿದ್ದುವವರೂ ಅವರೇ. ‘ನಾನೇ ಬರೆದ್ಬಿಡ್ತೀನಿ ಬಿಡಿ ಸಾರ್, ನನಗಲ್ವಾ ಗೊತ್ತಿರೋದು’ ಎಂದರು. ಫೈಲ್‌ಎಂಟೈಮ್ ತೆಗೆದು, ಅವರು ಬೆರಳಚ್ಚು ಮಾಡಲೊಂದು ಚೌಕ ಕೊಟ್ಟೆ. ಒಂದು ಸಾಲು ಸಾಕೆಂದುಕೊಂಡಿದ್ದೆ. ಅವರು ಹಳೆಯ ಸಾಲುಗಳನ್ನು ಅಳಿಸುವುದಿಲ್ಲ, ಕೆಳಕ್ಕೆ ದೂಡಿ ಮೇಲೆ ಹೊಸದು ಬರೆಯುತ್ತಾರೆ. ಈಗ ಪುಟದ ತಳವೇ ಪುಟಕ್ಕಿಂತ ಉದ್ದವಾಗುವ ಲಕ್ಷಣವಿದೆ. ಮೊನ್ನೆ ನಾನು ಓದಿದಾಗ ಹೀಗಿತ್ತು:

‘12-3. ಅಧ್ಯಕ್ಷರ ಫೋಟೊ ಬದಲಾಯಿಸಿದೆ.’

‘13-3. ಹಳೆಯ ಫೋಟೊವನ್ನೇ ಹಾಕಿದೆ. ಹೊಸದು ಅವರ ಮನೆಯವರಿಗೆ ಹಿಡಿಸಲಿಲ್ಲ.’

‘15-3. ಯುಗಾದಿ ಕವಿಗೋಷ್ಠಿ ಕವಿಗಳ ಪಟ್ಟಿ. ಬಿಟ್ಟುಹೋಗಿದ್ದ ಇಬ್ಬರನ್ನು ಸೇರಿಸಿದೆ.’

‘16-3. ಇನ್ನೂ ನಾಲ್ವರನ್ನು.’

‘20-3. ಏನೂ ಬದಲಾಗಿಲ್ಲ. ಕಾರ್ಯದರ್ಶಿಗಳು ಹೇಳಿದ್ದಕ್ಕೆ ತಾರೀಖು ಹಾಕಿದೆ.’